ಮಳೆ ಪುಸ್ತಕಕ್ಕೆ ಪೆನ್ಸಿಲ್ಲೇ ಸರಿ

ಶಿರಸಿ, ಮೇ 14

ಚಿ. ಮೇಧಾಗೆ ದೊಡ್ಡಪ್ಪನ ಆಶೀರ್ವಾದಗಳು.

ಅಡಿಕೆ ತೋಟದ ಕೆಲಸದಲ್ಲಿ ಕಲಿತದ್ದನ್ನೆಲ್ಲ ದಿನಾ ಬರೆದಿಡುತ್ತೇನೆ ಅಂತ ಹೊರಟಿದ್ದೀಯಂತೆ. ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ದಪ್ಪ ರಟ್ಟಿನ ಪುಸ್ತಕ, ನಾಲ್ಕು ಬಣ್ಣದ ಪೆನ್ನು ಎಲ್ಲ ತಂದಾಯಿತಂತೆ. ಸಂತೋಷ. ಆದರೆ ಅದನ್ನು ಕಪಾಟಿನಲ್ಲಿಡು ಕೂಸೆ. ಶಾಲೆ ಮಕ್ಕಳ 200 ಪುಟದ ನೋಟ್ ಬುಕ್ ಸಾಕು. ಪೆನ್ಸಿಲ್ಲಿಗೆ ದಾರ ಕಟ್ಟಿ ಜಗುಲಿಯ ಕಂಬಕ್ಕೆ ನೇತುಹಾಕು. ಮಳೆಗಾಲದಲ್ಲಿ ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಏನೆಂದರೆ, ಚಂದದ ಪುಸ್ತಕದಲ್ಲಿ ನಮ್ಮ ತಪ್ಪು ಬರೆಯಲು ಮನಸ್ಸೇ ಬರುವುದಿಲ್ಲ. ನನ್ನ ಮೊದಲ ಪುಸ್ತಕ 11 ದಿನಕ್ಕೆ ನಿಂತಿತ್ತು.

ಆಮೇಲೆ ಮಳೆ ಲೆಕ್ಕದ ಜೊತೆಗೇ ಬರೆಯಲು ಶುರು ಮಾಡಿದೆ. ಬೆಳಿಗ್ಗೆ ಎಂಟೂವರೆಗೆ ಮಳೆ ಮಾಪಕ ನೋಡಲೇಬೇಕು, ಹೇಗೂ ಪುಸ್ತಕ ಕೈಯಲ್ಲಿರುತ್ತದೆ. ಎರಡು ಸಾಲು ಗೀಚಿದರಾಯಿತು. ನಡುನಡುವೆ ನಿನ್ನ ದೊಡ್ಡಮ್ಮನ ಹಾಲಿನ ಲೆಕ್ಕವೂ ಇದೆ. ಇರಲಿ ಬಿಡು.

2013ರಲ್ಲಿ ನಮ್ಮ ತೋಟಕ್ಕೆ ಅಡಿಕೆ ಕೊಳೆತು ಉದುರುವ ಕೊಳೆರೋಗ ಬಂದು ಅರ್ಧ ಬೆಳೆ ಹೋಯಿತು. ನಿನಗೆ ನೆನಪಿರಬಹುದು, ಅಂಗಳದಲ್ಲಿ ಕೊಳೆತ ಅಡಿಕೆಯದ್ದೇ ವಾಸನೆ. ಆ ವರ್ಷ ಔಷಧಿಗೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಬೆರಕೆ ಅಂತ ನಾನು ಊರೆಲ್ಲ ಹೇಳಿದೆ. ಅಂಗಡಿಯವರ ಹತ್ತಿರ ಜಗಳವನ್ನೂ ಮಾಡಿದೆ. ಐದು ವರ್ಷ ಆ ಮೆಟ್ಟಿಲು ಹತ್ತಲಿಲ್ಲ. ಒಂದು ದಿನ ಬೇರೇನೋ ಹುಡುಕುವಾಗ ಆ ವರ್ಷದ ಪುಸ್ತಕ ಕೈಗೆ ಬಂತು. ಮೊದಲ ಔಷಧಿ ಜೂನ್ 2. ಎರಡನೆಯದು ಆಗಸ್ಟ್ 3. ನಲವತ್ತು ನಲವತ್ತೈದು ದಿನಕ್ಕೆ ಹೊಡೆಯಬೇಕಾದ್ದು 62 ದಿನಕ್ಕೆ ಹೊಡೆದಿದ್ದೇನೆ! ಜುಲೈ 14ರ ಸಾಲು ಹೀಗಿತ್ತು: ‘ಹೊಳವಾಗಿದೆ. ಕೊನೆಗೌಡ ಬಂದಿದ್ದ. ಪೇಟೆ ಕೆಲಸ ಇದೆ, ನಾಳೆ ಬಾ ಎಂದೆ.’ ಮಳೆ ಬಿಟ್ಟ ದಿನ, ಮರ ಹತ್ತಿ ಔಷಧಿ ಹೊಡೆಯುವವನೇ ಬಂದಿದ್ದ. ಮರುದಿನದಿಂದ ಬರೀ ಮಳೆಯ ಅಂಕಿ, ಎರಡು ವಾರ.

ಆ ಪೇಟೆ ಕೆಲಸ ಯಾವುದು ಅಂತ ಈಗಲೂ ನೆನಪಾಗುತ್ತಿಲ್ಲ. ಮೈಲುತುತ್ತದ ಕತೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು ನೋಡು.

ಆ ವಾರವೇ ಅಂಗಡಿಗೆ ಹೋದೆ. ಏನೋ ಹೇಳಬೇಕು ಅಂತ ಬಾಯಿ ತೆರೆದೆ. ಅವರು ತಕ್ಕಡಿ ಎಳೆದುಕೊಂಡು ‘ಎಷ್ಟು ಕಿಲೋ?’ ಅಂದರು.

ಹಾಗಾಗಿ ಕಂಡದ್ದನ್ನು ಅವತ್ತೇ ಬರೆ, ಅದಕ್ಕೆ ಕಾರಣ ಆಮೇಲೆ ಹುಡುಕಿದರಾಯಿತು. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಅನ್ನುವುದು ಎಲ್ಲ ಕಡೆ ಅಚ್ಚಾಗಿದೆ, ನಿನ್ನ ಪುಸ್ತಕದಲ್ಲಿ ಮತ್ತೆ ಯಾಕೆ? ದ್ರಾವಣಕ್ಕೆ ಕತ್ತಿ ಅದ್ದಿದಾಗ ತಾಮ್ರದ ಕೆಂಪು ಹತ್ತಿತಾ? ಹತ್ತಿದರೆ ಸುಣ್ಣ ಸಾಲದು. ಇನ್ನೆಷ್ಟು ಹಾಕಿದ ಮೇಲೆ ಕತ್ತಿ ಬೆಳ್ಳಗೇ ಉಳಿಯಿತು? ಅದನ್ನು ಬರೆ.

ಈ ಬೋರ್ಡೋ ದ್ರಾವಣ ಸಿಕ್ಕಿದ್ದೇ ಹಾಗೆ ಅಲ್ವಾ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದು ಅಂತ ರೈತರು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಆ ಬಳ್ಳಿಗಳ ಎಲೆ ಮಾತ್ರ ರೋಗವಿಲ್ಲದೆ ಉಳಿದದ್ದನ್ನು ಕಂಡರು. ಆ ದಾರಿಯಲ್ಲಿ ಎಷ್ಟು ಜನ ಓಡಾಡಿದ್ದರೋ! ಮಿಲಾರ್ಡೆ 1885ರ ಹೊತ್ತಿಗೆ ಪ್ರಯೋಗ ಮಾಡಿ ಪ್ರಕಟಿಸಿದರು.

ಬರೆಯದ ದಿನ ಬಂದರೆ ಬೇಜಾರು ಮಾಡಿಕೊಳ್ಳಬೇಡ. ಬಿಟ್ಟ ದಿನವನ್ನು ನೆನಪಿನಿಂದ ತುಂಬಿಸಲು ಮಾತ್ರ ಹೋಗಬೇಡ. ಖಾಲಿ ಬಿಡು. ಯಾರಿಗೂ ತೋರಿಸಬೇಕಾಗಿಲ್ಲ, ನನಗೂ ಬೇಡ.

ನಮ್ಮಲ್ಲಿ ಇನ್ನೊಂದು ಮಳೆ ಮಾಪಕ ಸುಮ್ನೆ ಕೂತಿದೆ. ಶನಿವಾರ ಬೆಳಗಿನ ಸಾಗರದ ಬಸ್ಸಿನಲ್ಲಿ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ಅಪ್ಪನಿಗೆ ಇಳಿಸಿಕೊಳ್ಳಲು ಹೇಳು. ಮರದ ಬುಡದಲ್ಲಿ ಇಡಬೇಡ, ಚಪ್ಪರದ ಹನಿಯೂ ಅದರೊಳಗೆ ಬೀಳಬಾರದು.

ನಿನ್ನ ದೊಡ್ಡಪ್ಪ