ಹಲ್ಲು ಕಿತ್ತ ಮೇಲೆ ಮುಂದೇನು?

ಸಂಪಾದಕರೇ,

ನಮ್ಮ ಮಂಡ್ಯ ಕಡೆ ದವಡೆ ಹಲ್ಲು ಹೋದರೆ ‘ಒಳಗಿಂದು, ಯಾರಿಗೆ ಕಾಣುತ್ತೆ’ ಅಂತ ಸುಮ್ನೆ ಬಿಡುವವರೇ ಜಾಸ್ತಿ. ಆದರೆ ಬರಬರುತ್ತಾ ಪಕ್ಕದ ಹಲ್ಲು ಆ ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದು ಅಲ್ಲಿಗೇ ಚಾಚುತ್ತದೆ, ಆಮೇಲೆ ಕಟ್ಟಿಸೋಣ ಅಂದರೆ ಜಾಗವೇ ಸಾಲದು. ದವಡೆ ಮೂಳೆಗೇ ತಿರುಪು ಕೂರಿಸಿ ಕಟ್ಟುವ ಹಲ್ಲು, ಅಂದರೆ ಇಂಪ್ಲಾಂಟ್, ಎಲ್ಲರ ಕೈಗೆಟುಕುವುದಿಲ್ಲ. ಉಳಿದ ಹಲ್ಲಿಗೆ ಕೊಕ್ಕೆ ಹಾಕಿ ಕೂರಿಸುವ, ತೆಗೆದು ಹಾಕುವ ಸೆಟ್ಟು ಅಗ್ಗ. ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಕಾಯಂ ಆಗಿ ಕಟ್ಟುವ ಬ್ರಿಡ್ಜಿನ ಹಾಗೆ ಆ ಹಲ್ಲುಗಳನ್ನು ಅರೆದು ಸಣ್ಣ ಮಾಡಬೇಕಿಲ್ಲ. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಬಿಸಿನೀರಿಗೆ ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮೊದಮೊದಲು ಚಕ್ಕುಲಿ ಕಷ್ಟ, ಮುದ್ದೆಗೇನೂ ತೊಂದರೆಯಿಲ್ಲ, ನುಂಗುವುದೇ ಅಲ್ವಾ!

ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕೊಡಲು ಸರ್ಕಾರವೇ ದಂತ ಭಾಗ್ಯ ಯೋಜನೆ ತಂದಿದೆ. ಹಲ್ಲು ಕೀಳುವಾಗಲೇ ಡಾಕ್ಟರು ಇದನ್ನೂ ಹೇಳಬಾರದೇ? ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಣುವ ಹಾಗೆ ಒಂದು ಬೋರ್ಡ್ ಆದರೂ ಹಾಕಿಸಿ.

– ಓದುಗ, ಮಂಡ್ಯ