ಹೊಳೆಮೀನು ಅಳೆಯುವ ಮಗಳಿಗೆ

ತೀರ್ಥಹಳ್ಳಿ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೈಗಾ ಅಣು ವಿದ್ಯುತ್ ಸ್ಥಾವರದ ಹತ್ತಿರ ಕಾಳಿ ಹೊಳೆಯ ಮೀನಿನಲ್ಲಿ ವಿಕಿರಣ ಇದೆಯಾ ಎಂದು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೀಯಂತೆ, ನಿನ್ನಪ್ಪ ಫೋನ್ ಮಾಡಿದ್ದ. ಮೊದಲು ಹೆದರಿಕೆ ಆಯ್ತು. ಆಮೇಲೆ ಅನ್ನಿಸಿತು, 220 ಮೆಗಾವ್ಯಾಟ್‌ನ ನಾಲ್ಕು ಘಟಕ ಇರುವ ಕಡೆ ಹೊಳೆ ನೋಡಿಕೊಳ್ಳುವವರು ಬೇಕೇ ಬೇಕಲ್ವಾ?

ಬಲೆ ಹಾಕುವ ಮೊದಲು ಅಲ್ಲೇ ಕದ್ರಾ ಅಣೆಕಟ್ಟಿನ ಸುತ್ತಿನ ನಾಲ್ಕು ಮನೆಗೆ ಹೋಗು. ಯಾವ ಮೀನು ತಿನ್ನುತ್ತೀರಿ, ಹೇಗೆ ತಿನ್ನುತ್ತೀರಿ ಎಂದು ಕೇಳು. ನಮ್ಮ ಮನೆಯನ್ನೇ ನೆನಪಿಸಿಕೋ. ಮುಂಗಾರಿನಲ್ಲಿ ಹೊಳೆಯಿಂದ ಮೇಲೆ ಹತ್ತಿ ಬರುವ ಹತ್ತುಮೀನು ಸಿಕ್ಕರೆ ಸಣ್ಣವನ್ನೆಲ್ಲ ನಿನ್ನ ದೊಡ್ಡಮ್ಮ ಮುಳ್ಳು ಸಮೇತ ಹುರಿಯುತ್ತಿದ್ದಳು. ನೀನು ಹುಡುಕುವ ವಿಕಿರಣ ವಸ್ತುಗಳಲ್ಲಿ ಸೀಸಿಯಂ ಪೊಟ್ಯಾಸಿಯಂ ಥರ ಮಾಂಸಕ್ಕೆ ಸೇರುತ್ತದೆ. ಸ್ಟ್ರಾನ್ಷಿಯಂ ಕ್ಯಾಲ್ಸಿಯಂ ಥರ ಮೂಳೆಗೆ ಹೋಗುತ್ತದೆ. ದೊಡ್ಡ ಮೀನಿನ ಮಾಂಸ ಮಾತ್ರ ಕೊಯ್ದು ಅಳೆದರೆ, ಮುಳ್ಳು ಅಗಿದು ತಿನ್ನುವ ಮಗುವಿನ ತಟ್ಟೆ ನಿನ್ನ ಲೆಕ್ಕಕ್ಕೆ ಬರುವುದೇ ಇಲ್ಲ.

ತಳದ ಕೆಸರನ್ನೂ ಬಿಡಬೇಡ. ಸೀಸಿಯಂ-137 ಜೇಡಿಗೆ ಅಂಟಿಕೊಂಡು ಕೂರುತ್ತದೆ, ಅದರ ವಿಕಿರಣ ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಕೆಸರು ಮೇಯುವ ಮೀನು, ಅದನ್ನು ತಿನ್ನುವ ಮೀನು, ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡ. ಟ್ರಿಟಿಯಂ ಎಂಬ ವಿಕಿರಣ ಸೂಸುವ ಜಲಜನಕ ನೀರಿನ ಜೊತೆ ನೀರಾಗೇ ಹೋಗುತ್ತದೆ, ಅದರ ಪರೀಕ್ಷೆ ಬೇರೆ. ಮೀನು ತಿನ್ನುವ ನೀರುನಾಯಿಯ ಊಟ ತಿಳಿಯಲು ಅದನ್ನು ಹಿಡಿಯಬೇಕಾಗಿಲ್ಲ ಮಗಳೇ. ಬಂಡೆ ಮೇಲಿನ ಹಿಕ್ಕೆ ನೋಡು, ಮೀನಿನ ಮುಳ್ಳು, ಏಡಿಯ ಚಿಪ್ಪು ಎಲ್ಲ ಅದರಲ್ಲೇ ಇರುತ್ತದೆ.

ಘಟಕದಿಂದ ದೂರದ ಮೇಲಿನ ಹೊಳೆಯದ್ದೂ ಅಳೆ. 1950, 60ರ ದಶಕದ ಬಾಂಬ್ ಪರೀಕ್ಷೆಯ ಸೀಸಿಯಂ ಎಲ್ಲ ಮಣ್ಣಿಗೂ ಬಿದ್ದಿದೆ. ಹೋಲಿಸಲು ಏನೂ ಇಲ್ಲದಿದ್ದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಗೆ ಹೇಳುತ್ತೀಯ?

ಏನೂ ಸಿಗದ ದಿನವೂ ಪುಸ್ತಕದಲ್ಲಿ ಬರೆ. ಸುಮ್ನೆ ಸೊನ್ನೆ ಹಾಕಬೇಡ, ನಿನ್ನ ಯಂತ್ರ ಅಳೆಯಬಲ್ಲ ಕನಿಷ್ಠ ಎಷ್ಟೋ ಅದಕ್ಕಿಂತ ಕಡಿಮೆ ಎಂದು ಬರೆ. ತೋಟದ ಮಳೆ ಲೆಕ್ಕ ಇಡುವಾಗ ನಾನು ಜ್ವರ ಬಂದ ನಾಲ್ಕು ದಿನ ಅಂದಾಜಿನಲ್ಲಿ ಅಂಕಿ ತುಂಬಿದೆ. ಮುಂದೆ ಅಡಿಕೆಗೆ ಕೊಳೆರೋಗ ಜಾಸ್ತಿ ಆದ ವರ್ಷ ಪುಸ್ತಕ ತೆಗೆದರೆ ಯಾವ ಸಾಲು ನಿಜವೆಂದು ನನಗೇ ಗೊತ್ತಾಗಲಿಲ್ಲ. ಆ ನೋವು ಇನ್ನೂ ಇದೆ.

ಹೋಲಿಸಲು ತುಂಗೆಯ ಕೆಸರು ಬೇಕಿದ್ದರೆ ಹೇಳು, ಡಬ್ಬಿ ತುಂಬಿ ಬಸ್ಸಿಗೆ ಹಾಕುತ್ತೇನೆ. ಚಿಬ್ಬಲಗುಡ್ಡೆಯ ಮೀನು ಮಾತ್ರ ಕೇಳಬೇಡ, ಅವು ದೇವರದ್ದು.

ಇಂತಿ,
ನಿನ್ನ ದೊಡ್ಡಪ್ಪ