ಫ್ಲೋರೆಸ್‌ನ ರಸ್ತೆ ಮೇಲೇ ದಾಟು ಕಣೋ

ಪ್ರೀತಿಯ ಗೆಳೆಯಾ,

ಬಾಲಿಯಿಂದ ಫ್ಲೈಟಲ್ಲಿ ಇಂಡೊನೇಷಿಯಾದ ಫ್ಲೋರೆಸ್ ದ್ವೀಪದ ಪಶ್ಚಿಮ ತುದಿ ಲಬುವಾನ್ ಬಾಜೊಗೆ ಹೋಗಿ, ಬೋಟ್ ಹತ್ತಿ ಕೊಮೊಡೊ ಡ್ರ್ಯಾಗನ್ ಅನ್ನೋ ದೈತ್ಯ ಉಡ ನೋಡ್ಕೊಂಡು ಅದೇ ದಾರೀಲಿ ವಾಪಸ್ ಬಂದ್ಬಿಡ್ತೀನಿ ಅಂತ ಬರ್ದಿದ್ಯಲ್ಲ, ಓದಿ ನಿಜವಾಗ್ಲೂ ಸಂಕಟ ಆಯ್ತು. ಅಷ್ಟು ದೂರ ಹೋಗೋನು ಇನ್ನೊಂದಷ್ಟು ದಿನ ರಜ ಹಾಕು, ಕಾರು ಡ್ರೈವರ್ ಮಾಡ್ಕೊಂಡು ಇಡೀ ದ್ವೀಪ ದಾಟು.

ಫ್ಲೋರೆಸ್‌ನ ಉದ್ದ ನೇರವಾಗಿ ಅಳೆದ್ರೆ 350 ಕಿಲೋಮೀಟರ್ ಆಸುಪಾಸು, ಆದ್ರೆ ಪೂರ್ವದ ತುದಿ ಲಾರಂಟುಕಾ ತನಕ ಹೋಗೋ ರಸ್ತೆ ಹತ್ತತ್ರ ಅದರ ಎರಡರಷ್ಟು, ಯಾಕಂದ್ರೆ ಅಲ್ಲಿ ಜ್ವಾಲಾಮುಖಿಗಳನ್ನ ಸುತ್ತಾಕ್ಕೊಂಡೇ ಹೋಗ್ಬೇಕು, ಹತ್ತೋದು ಇಳಿಯೋದು ತಿರುಗೋದು ಮುಗಿಯೋದೇ ಇಲ್ಲ. ಮ್ಯಾಪ್ ತೋರ್ಸೋ ಟೈಮ್ ನಂಬ್ಬೇಡ. ನವೆಂಬರಿಂದ ಮಾರ್ಚ್ ತನಕ ಮಳೆ, ಗುಡ್ಡ ಜರಿದು ರಸ್ತೆ ಬಂದ್ ಆಗತ್ತೆ, ಅದಕ್ಕೇ ಮೇ ಜೂನಲ್ಲಿ ಹೋಗು.

ಮೊದ್ಲು ಸಿಗೋದು ಮಂಗರಾಯ್ ಸೀಮೆ. ರುಟೆಂಗ್ ಊರಿಗೆ ಸ್ವಲ್ಪ ಮುಂಚೆ ಚಂಚಾರ್ ಅಂತ ಒಂದು ಜಾಗ, ಅಲ್ಲಿ ಗುಡ್ಡ ಹತ್ತಿ ಕೆಳಗೆ ನೋಡಿದ್ರೆ ಭತ್ತದ ಗದ್ದೆಗಳೆಲ್ಲ ಜೇಡರ ಬಲೆ ಆಕಾರದಲ್ಲಿವೆ. ಚೆಂದಕ್ಕೆ ಅಂತ ಮಾಡಿದ್ದಲ್ಲ ಅದು. ಭೂಮಿ ಇಡೀ ಸಮುದಾಯದ್ದು, ನಡುವಿನ ಒಂದು ಬಿಂದುವಿಂದ ಹೊರಗಡೆಗೆ ಗೆರೆ ಎಳೆದು ಒಂದೊಂದು ಮನೆಗೆ ಒಂದೊಂದು ಪಾಲು ಅಂತ ಹಂಚಿದ್ದು, ಪಾಲಿನ ಅಗಲಕ್ಕೆ ಅಳತೆ ಕೈಬೆರಳು, ಹಂಚೋಕೆ ಅಂತಾನೇ ಒಬ್ಬ ಹಿರಿಯ. ಜಮೀನು ಪಾಲಾಗೋವಾಗ ನಮ್ಮ ಮನೆಗಳಲ್ಲಿ ಏನೇನು ಆಗತ್ತೆ ಅಂತ ನಿಂಗೆ ಗೊತ್ತಲ್ಲ, ಅದಕ್ಕೇ ನಂಗೆ ಅಲ್ಲಿಂದ ಎದ್ದು ಬರೋಕೇ ಮನಸ್ಸಾಗ್ಲಿಲ್ಲ.

ರುಟೆಂಗ್ ಹತ್ರಾನೇ ಲಿಯಾಂಗ್ ಬುವಾ ಗುಹೆ, 2003ರಲ್ಲಿ ಬರೀ ಒಂದು ಮೀಟರ್ ಎತ್ತರದ ಹಳೇ ಮಾನವನ ಎಲುಬು ಸಿಕ್ಕಿದ್ದು ಇಲ್ಲೇ, ಹೋಮೋ ಫ್ಲೋರೆಸಿಯೆನ್ಸಿಸ್ ಅಂತ ಹೆಸರಿಟ್ರಲ್ಲ, ಅದೇ.

ಆಮೇಲೆ ಬಜಾವಾ. ದಾರಿಯುದ್ದಕ್ಕೂ ಮನೆಮುಂದೆ ಟಾರ್ಪಾಲ್ ಹಾಸಿ ಕಾಫಿ ಒಣಗಿಸ್ತಿರ್ತಾರೆ, ಥೇಟ್ ನಿಮ್ಮ ಮೂಡಿಗೆರೆ ಕಣದ ಥರ. ಕುಡಿಯೋದು ಮಾತ್ರ ಬೇರೆ, ಪುಡಿ ಮೇಲೆ ನೇರ ಬಿಸಿನೀರು ಹುಯ್ದು ಕೊಡ್ತಾರೆ, ಸೋಸೋದಿಲ್ಲ, ಚರಟ ತಳಕ್ಕೆ ಕೂರೋ ತನಕ ಕಾಯ್ಬೇಕು. ಅಲ್ಲಿಂದ ಕೆಳಗೆ ಇನೆರಿಯೆ ಜ್ವಾಲಾಮುಖಿಯ ಬುಡದಲ್ಲಿ ಬೇನಾ ಅನ್ನೋ ಊರು, ಎರಡು ಸಾಲು ಹುಲ್ಲಿನ ಮಾಡಿನ ಮನೆ, ನಡುವೆ ದೊಡ್ಡ ದೊಡ್ಡ ನಿಲುಗಲ್ಲು. ಅಂಗಳದಲ್ಲಿ ಛತ್ರಿ ಆಕಾರದ ಕಂಬಗಳು ಕುಲದ ಮೂಲ ಪುರುಷರಿಗೆ, ಪುಟ್ಟ ಮನೆ ಆಕಾರದವು ಮೂಲ ಸ್ತ್ರೀಯರಿಗೆ, ವಂಶ ನಡೆಯೋದು ತಾಯಿ ಕಡೆಯಿಂದ. ಮನೆ ಮುಂದೆ ಕೋಣದ ಕೊಂಬು, ಹಂದಿ ದವಡೆ ಸಾಲಾಗಿ ಕಟ್ಟಿರ್ತಾರೆ, ಅದರ ಕೆಳಗೇ ಹೆಂಗಸರು ಕೂತು ಮಗ್ಗದಲ್ಲಿ ಇಕತ್ ನೇಯ್ತಿರ್ತಾರೆ. ಊರಿನ ಮೇಲ್ಗಡೆ ತುದೀಲಿ ಮೇರಿ ಮಾತೆಯ ಗುಡಿ. ಎಲ್ಲರೂ ಕ್ಯಾಥೊಲಿಕ್, ಹಾಗಂತ ಹಿರಿಯರನ್ನ ಬಿಟ್ಟಿಲ್ಲ.

ನಮ್ಮ ಡ್ರೈವರ್ ಮಂಗರಾಯ್‌ನವನು, ಬಜಾವಾ ಬರೋಷ್ಟರಲ್ಲಿ ಅವನ ಮಾತೃಭಾಷೆ ಯಾರಿಗೂ ಅರ್ಥ ಆಗ್ತಿರ್ಲಿಲ್ಲ, ಅವನೂ ನಮ್ಮ ಹಾಗೇ ಪರ ಊರಿನವನಾಗಿ ಇಂಡೊನೇಷಿಯನ್‌ನಲ್ಲಿ ದಾರಿ ಕೇಳ್ತಿದ್ದ. ಮಂಗರಾಯ್, ನ್ಗಡಾ, ಎಂಡೆ, ಲಿಯೋ, ಸಿಕ್ಕಾ, ಕಣಿವೆ ಬದಲಾದ ಹಾಗೆ ಭಾಷೇನೂ ಬದಲು. ಫ್ಲೈಟಲ್ಲಿ ಹೋದ್ರೆ ಇದು ಹೇಗೋ ಗೊತ್ತಾಗತ್ತೆ?

ಎಂಡೆ ಸೇರೋ ಮುಂಚೆ ಸಮುದ್ರದ ಪಕ್ಕ ನೀಲಿ ಹಸಿರು ಬಣ್ಣದ ಉರುಟು ಕಲ್ಲುಗಳ ತೀರ ಬರತ್ತೆ, ಜನ ಬಣ್ಣ, ಸೈಜು ನೋಡಿ ಆರಿಸಿ ರಸ್ತೆ ಬದಿ ಗುಡ್ಡೆ ಹಾಕಿ ಮಾರ್ತಾರೆ. ಎಂಡೆಯಲ್ಲಿ ಸುಕರ್ನೋ ಮನೆ ತಪ್ಪಿಸ್ಬೇಡ, ಇಂಡೊನೇಷಿಯಾದ ಮೊದಲ ಅಧ್ಯಕ್ಷ ಆದನಲ್ಲ, ಅವನೇ. ಡಚ್ಚರು ಆತನನ್ನ 1934ರಿಂದ 1938ರವರೆಗೆ ಇಲ್ಲಿ ಗಡಿಪಾರು ಮಾಡಿ ಇಟ್ಟಿದ್ರು, ಊರವರನ್ನ ಸೇರಿಸ್ಕೊಂಡು ಆತ ನಾಟಕ ಬರೆದು ಆಡಿಸ್ತಿದ್ದ. ಇಂಡೊನೇಷಿಯಾ ದೇಶದ ಐದು ಮೂಲತತ್ವಗಳಾದ ಪಂಚಶೀಲದ ಯೋಚನೆ ಮೊಳೆತಿದ್ದು ಇಲ್ಲಿನ ಹಲಸಿನ ಜಾತಿಯ ಒಂದು ಮರದ ಕೆಳಗೆ ಅಂತ ಊರವರು ಹೆಮ್ಮೆಯಿಂದ ತೋರಿಸ್ತಾರೆ, ಹಳೇ ಮರ ಬಿದ್ದಮೇಲೆ ಅದೇ ಜಾಗದಲ್ಲಿ ಹೊಸದು ನೆಟ್ಟಿದಾರೆ.

ಕೆಲಿಮುಟು ಜ್ವಾಲಾಮುಖಿಗೆ ಮೊನಿ ಊರಲ್ಲಿ ಉಳ್ಕೊಂಡು ಬೆಳಗಾಗೋ ಮುಂಚೆ ಹೊರಡ್ಬೇಕು, 1639 ಮೀಟರ್ ಎತ್ತರ, ಚಳಿ ಇರತ್ತೆ, ಜರ್ಕಿನ್ ಇಟ್ಕೊ. ತುದೀಲಿ ಮೂರು ಕೆರೆ, ಎರಡರ ನಡುವೆ ತೆಳು ಕಲ್ಲಿನ ಗೋಡೆ ಅಷ್ಟೇ, ಆದ್ರೂ ಒಂದೊಂದಕ್ಕೆ ಒಂದೊಂದು ಬಣ್ಣ. ಕೆಳಗಿಂದ ಬರೋ ಗ್ಯಾಸು, ನೀರಲ್ಲಿರೋ ಖನಿಜ ಸೇರಿ ಬಣ್ಣ ಬದಲಾಗ್ತಾ ಇರತ್ತೆ, ನಾನು ನೋಡಿದ ಬಣ್ಣ ನಿಂಗೆ ಸಿಗ್ದೇ ಇರ್ಬಹುದು. ಲಿಯೋ ಜನಕ್ಕೆ ಇದು ಸತ್ತವರು ಸೇರೋ ಜಾಗ, ವಯಸ್ಸಾದವರಿಗೆ ಒಂದು ಕೆರೆ, ಹರೆಯದವರಿಗೆ ಒಂದು, ಕೆಟ್ಟ ಕೆಲಸ ಮಾಡಿದವರಿಗೆ ಒಂದು, ಪ್ರತಿ ಆಗಸ್ಟ್ 14ಕ್ಕೆ ಮೇಲೆ ಹತ್ತಿ ಹಿರಿಯರಿಗೆ ಎಡೆ ಇಡ್ತಾರೆ. ಅಲ್ಲಿ ಜೋರಾಗಿ ಮಾತಾಡ್ಬೇಡ, ಕಲ್ಲು ಎಸೀಬೇಡ.

ಅಲ್ಲಿಂದ ಏರ್ಪೋರ್ಟ್ ಇರೋ ಮೌಮೆರೆ ಊರು ಹತ್ರ. ರಾತ್ರಿ ಗಾಡಿ ಓಡಿಸೋ ಪ್ಲಾನ್ ಎಲ್ಲೂ ಇಡ್ಬೇಡ, ಕ್ಯಾಶ್ ಇಟ್ಕೊ, ವಾಪಸ್ ಟಿಕೆಟ್ ಲಬುವಾನ್ ಬಾಜೊದಿಂದ ಇನ್ನೂ ಮಾಡಿಲ್ಲ ಅಂದ್ರೆ ಮೌಮೆರೆಯಿಂದಾನೇ ಮಾಡು. ಡೇಟ್ ಗಟ್ಟಿ ಆದ ತಕ್ಷಣ ಬರಿ, ಡ್ರೈವರ್ ನಂಬರ್ ಕಳಿಸ್ತೀನಿ.

ನಿನ್ನ ಗೆಳೆಯ